ತೌಲನಿಕ ರಾಜಕಾರಣಕ್ಕೆ ಓದುವ ಸಾಮಗ್ರಿ ದೊರೆತ ಬಗೆ: ನನ್ನ ಅನುಭವ

ತುಮಕೂರಿನಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ನನಗೆ ತೌಲನಿಕ ರಾಜಕಾರಣದ ಪತ್ರಿಕೆಯಲ್ಲಿ ಎದುರಾದ ತೊಡಕೆಂದರೆ, ಕೈಗೆ ಸಿಕ್ಕ ಕನ್ನಡ ಪುಸ್ತಕಗಳು ಒಂದೊಂದು ದೇಶವನ್ನು ಪ್ರತ್ಯೇಕವಾಗಿ ವರ್ಣಿಸುತ್ತಿದ್ದವೇ ಹೊರತು ಹೋಲಿಸಿ ತೋರಿಸುತ್ತಿರಲಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಇಜ್ಞಾನಕೋಶ ಹಾಗೂ ಇ-ಪಿಜಿ ಪಾಠಶಾಲಾ ಎಂಬ ಜಾಲತಾಣಗಳ ಉಚಿತ ಪಾಠಗಳಿಂದ ಪರಿಕಲ್ಪನೆಗಳೇನೋ ತಿಳಿಯಾದವು. ಆದರೆ ವಿಷಯ ನಿಜವಾಗಿ ಕೈಗೆ ಹತ್ತಿದ್ದು ಸಂವಿಧಾನಗಳನ್ನೇ ಅಕ್ಕಪಕ್ಕ ಇಟ್ಟುಕೊಂಡು ಓದತೊಡಗಿದಾಗ. ಕಾನ್‌ಸ್ಟಿಟ್ಯೂಟ್ ಎಂಬ ಜಾಲತಾಣದಲ್ಲಿ ನಾನಾ ದೇಶಗಳ ಸಂವಿಧಾನಗಳು ಇಂಗ್ಲಿಷಿನಲ್ಲಿ ಉಚಿತವಾಗಿ ದೊರೆಯುತ್ತವೆ, ವಿಷಯವಾರು ಹುಡುಕಲೂಬಹುದು.

ಉದಾಹರಣೆಗೆ, ಜರ್ಮನಿಯ ಸಂವಿಧಾನವಾದ 1949ರ ಮೂಲ ಕಾನೂನಿನ 67ನೇ ವಿಧಿಯ ಪ್ರಕಾರ, ಕೆಳಮನೆಯು ಬಹುಮತದಿಂದ ಉತ್ತರಾಧಿಕಾರಿಯನ್ನು ಆರಿಸದ ಹೊರತು ಅವಿಶ್ವಾಸ ಸೂಚಿಸಿ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್‌ರನ್ನು ಕೆಳಗಿಳಿಸುವಂತಿಲ್ಲ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಅವರ ಸ್ಥಾನಕ್ಕೆ ಹೆಲ್ಮುಟ್ ಕೋಲ್ ಬಂದದ್ದು ಈ ದಾರಿಯಲ್ಲೇ. ನಮ್ಮ ಸಂವಿಧಾನದ 75(3)ನೇ ವಿಧಿಯಲ್ಲಿ ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದಷ್ಟೇ ಇದೆ, ಅಂತಹ ಷರತ್ತಿಲ್ಲ. ಆದ್ದರಿಂದಲೇ 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಾಗ, ಪರ್ಯಾಯ ಸರ್ಕಾರ ರಚನೆಯಾಗದೆ ದೇಶ ಚುನಾವಣೆಗೆ ಹೋಗಬೇಕಾಯಿತು. ಈ ಎರಡು ವಿಧಿಗಳನ್ನು ಒಟ್ಟಿಗೆ ಓದಿದ ಮೇಲೆ ಸಂಸದೀಯ ಪದ್ಧತಿಯೆಂದರೆ ಒಂದೇ ಬಗೆಯದಲ್ಲವೆಂಬುದು ನನಗೆ ಸ್ಪಷ್ಟವಾಯಿತು. ಇಂಗ್ಲಿಷ್ ತೊಡಕೆನಿಸುವ ಸಹಪಾಠಿಗಳು ಭಾರತ ಸಂವಿಧಾನದ ಕನ್ನಡ ಪಠ್ಯದಿಂದಲೇ ಆರಂಭಿಸುವುದು ಒಳಿತು, ಏಕೆಂದರೆ ಉತ್ತರ ಬರೆಯಲು ಬೇಕಾದ ಪಾರಿಭಾಷಿಕ ಪದಗಳು ಅಲ್ಲಿಯೇ ಸಿಗುತ್ತವೆ.