ಹಿಮ ಕರಗುವ ಹೊತ್ತಲ್ಲಿ ಪ್ಯಾಕ್‌ರಾಫ್ಟ್: ಕೊಲೋಮಾದಲ್ಲಿ ಒಂದು ದಿನ

ಪ್ಯಾಕ್‌ರಾಫ್ಟ್ ಅಂದರೆ ಮಡಚಿ ಬೆನ್ನಿಗೆ ಹಾಕಿಕೊಂಡು ಹೋಗಬಹುದಾದ, ಗಾಳಿ ತುಂಬುವ ಒಬ್ಬರ ದೋಣಿ. ಮೂರ್ನಾಲ್ಕು ಕೆಜಿ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿರುವವರು ಮೊದಲ ಸಲ ಬಿಳಿನೊರೆಯ ನೀರಿಗೆ ಇಳಿಯುವುದಾದರೆ ಸೌತ್ ಫೋರ್ಕ್ ಅಮೆರಿಕನ್ ನದಿಗೆ ಹೋಗಿ. 1848ರಲ್ಲಿ ಚಿನ್ನ ಸಿಕ್ಕಿತಲ್ಲ, ಅದೇ ಕೊಲೋಮಾದಿಂದ ಗ್ರೀನ್‌ವುಡ್ ಕ್ರೀಕ್‌ವರೆಗೆ ಕ್ಲಾಸ್ 2 (ನೀರಿನ ಕಷ್ಟದ ಅಳತೆ ಇದು, ಸಂಖ್ಯೆ ಏರಿದಷ್ಟೂ ಕಷ್ಟ). ಅದರ ಮೇಲಿನದೂ ಕೆಳಗಿನದೂ ಕ್ಲಾಸ್ 3, ಈ ವರ್ಷ ಅವುಗಳ ಸುದ್ದಿ ಬೇಡ.

ಹೊರಡುವ ಮುಂಚೆ ನೀರಿನ ಮಟ್ಟ ನೋಡಿ. ಕನ್ನಂಬಾಡಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಪೇಪರಲ್ಲಿ ನೋಡುತ್ತೇವಲ್ವಾ, ಹಾಗೇ ಇಲ್ಲಿ ಮೇಲಿನ ಚಿಲಿ ಬಾರ್ ಅಣೆಕಟ್ಟಿನಿಂದ ಎಷ್ಟು ಬರುತ್ತಿದೆ ಅಂತ ನೋಡಬೇಕು. 1,200ರಿಂದ 1,800 ಇದ್ದರೆ ಹೊಸಬರಿಗೆ ಸರಿ. 3,000 ದಾಟಿದರೆ ನಾನಂತೂ ಹೊಸಬರನ್ನು ಕರೆದುಕೊಂಡು ಹೋಗುವುದಿಲ್ಲ.

ಬಟ್ಟೆ ಹಾಕಿಕೊಳ್ಳುವುದು ಬಿಸಿಲು ನೋಡಿ ಅಲ್ಲ, ನೀರು ನೋಡಿ. ಮೇಲೆ ಸೆಕೆ ಇದ್ದರೂ ಕೆಳಗೆ ಹರಿಯುತ್ತಿರುವುದು ಕರಗಿದ ಹಿಮ. ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು) ಅಥವಾ ದಪ್ಪ ವೆಟ್‌ಸೂಟ್ (ಒದ್ದೆಯಾದರೂ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಬೇಕು, ಜೊತೆಗೆ ಲೈಫ್ ಜಾಕೆಟ್, ಹೆಲ್ಮೆಟ್, ಸೀಟಿ. ಜೀನ್ಸ್, ಹತ್ತಿ ಟೀಶರ್ಟ್ ಕಾರಲ್ಲೇ ಇರಲಿ. ಕನಿಷ್ಠ ಮೂರು ಜನ ಇರಿ.

ದಡದಲ್ಲಿ ದೋಣಿಗೆ ಎಷ್ಟೇ ಗಟ್ಟಿಯಾಗಿ ಗಾಳಿ ತುಂಬಿದರೂ ತಣ್ಣೀರಿಗೆ ಬಿಟ್ಟ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ, ತೂತಾಯಿತೇನೋ ಅಂತ ಗಾಬರಿ ಬೀಳಬೇಡಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತದೆ ಅಷ್ಟೇ. ದೋಣಿಯನ್ನು ನೀರಲ್ಲಿ ನೆನೆಸಿ, ಇನ್ನೊಮ್ಮೆ ಊದಿ. ಮೆತ್ತಗಿನ ದೋಣಿ ಅಲೆಯಲ್ಲಿ ಮಡಚಿಕೊಳ್ಳುತ್ತದೆ, ಹೇಳಿದ ಕಡೆ ತಿರುಗುವುದಿಲ್ಲ.

ಇನ್ನು ಮುಖ್ಯ ವಿಷಯ. ನೀವು ಬೀಳುತ್ತೀರಿ. ಆದ್ದರಿಂದ ಹೊರಡುವ ಮುಂಚೆ ನಿಂತ ನೀರಲ್ಲಿ ಬೇಕಂತಲೇ ಬೀಳಿ. ಕವುಚಿದ ದೋಣಿಯನ್ನು ಮಗುಚಿ, ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ದೋಣಿಗೆ ಅಡ್ಡ ಬಿದ್ದು, ಆಮೇಲೆ ತಿರುಗಿ ಕೂತುಕೊಳ್ಳಿ. ಮೊದಲ ಸಲ ಒದ್ದೆ ಎಮ್ಮೆ ಥರ ಕಾಣುತ್ತೀರಿ, ಪರವಾಗಿಲ್ಲ. ಹತ್ತು ಸಲ ಮಾಡಿ.

ಹರಿಗೋಲಲ್ಲಿ ಕೂತವರಿಗೆ ಗೊತ್ತು, ಹುಟ್ಟು ಹಾಕುವುದು ನಿಲ್ಲಿಸಿದರೆ ಗಿರ್ರನೆ ಸುತ್ತುತ್ತದೆ. ಇದೂ ಅದರ ತಂಗಿಯೇ. ಅಲೆ ಬಂತೆಂದು ಸುಮ್ನೆ ಕೂರಬೇಡಿ, ಹುಟ್ಟು ಹಾಕುತ್ತಲೇ ಇರಿ. ಬಂಡೆಗೆ ತಾಗುತ್ತೀರಿ ಅನ್ನಿಸಿದರೆ ಬಂಡೆಯ ಕಡೆಗೇ ವಾಲಿ, ಹೆದರಿ ಆಚೆ ವಾಲಿದರೆ ದೋಣಿ ಮಗುಚುತ್ತದೆ.

ಬಿದ್ದು ತೇಲಿ ಹೋಗುವಾಗ ಎದ್ದು ನಿಲ್ಲಬೇಡಿ. ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಸೆಳವು ನಿಮ್ಮನ್ನು ಬೋರಲಾಗಿ ನೀರಿಗೆ ಅದುಮುತ್ತದೆ, ಅಲ್ಲಿ ಸೊಂಟದ ಮಟ್ಟದ ನೀರೂ ಸಾಕು. ಅಂಗಾತ ಮಲಗಿ, ಕಾಲು ಮೇಲೆತ್ತಿ, ಹರಿವಿನ ದಿಕ್ಕಿಗೆ ಚಾಚಿ. ಚಳಿಗಾಲದಲ್ಲಿ ಉರುಳಿದ ಮರ ಅಡ್ಡ ಇದ್ದರೆ ದೂರದಿಂದಲೇ ದಡ ಸೇರಿ. ಕೊಂಬೆಗಳ ಮಧ್ಯೆ ನೀರು ನುಸುಳುತ್ತದೆ, ನೀವು ನುಸುಳುವುದಿಲ್ಲ. ದೋಣಿ ಹೆಗಲಿಗೇರಿಸಿ ನಡೆದುಬಿಡಿ, ಇರೋದೇ ಮೂರ್ನಾಲ್ಕು ಕೆಜಿ.

ಒಂದು ಕಾರು ಮೇಲೆ ಹೊರಡುವ ಜಾಗದಲ್ಲಿ, ಇನ್ನೊಂದು ಕೆಳಗೆ ಮುಗಿಸುವ ಜಾಗದಲ್ಲಿ ಇರಬೇಕು; ಕೆಳಗೆ ನಿಲ್ಲಿಸಿದ ಕಾರಿನ ಕೀ ನಿಮ್ಮ ಡ್ರೈಬ್ಯಾಗಲ್ಲಿ (ನೀರು ಹೋಗದ ಚೀಲ) ಇರಲಿ. ನಾವು ಒಮ್ಮೆ ಅದನ್ನು ಮೇಲಿನ ಕಾರಲ್ಲೇ ಬಿಟ್ಟು, ಒದ್ದೆ ಬಟ್ಟೆಯಲ್ಲಿ ರಸ್ತೆ ಬದಿ ಕೈ ತೋರಿಸುತ್ತಾ ನಿಂತಿದ್ದೆವು. ಮನೆಗೆ ಬಂದ ಮೇಲೆ ದೋಣಿಗೆ ಜಿಪ್ ಇದ್ದರೆ ಅದನ್ನು ತೆಗೆದು ನೆರಳಲ್ಲಿ ಒಣಗಿಸಿ.