ಕೊಬ್ಬರಿ ಎಣ್ಣೆ ಕುಡಿದ ಟರ್ಕಿ ಪೆಟ್ಟಿಗೆ

ನಾನು ಬೇಟೆಗಾರ ಅಲ್ಲ. ಕೋಳಿ ತಿನ್ನುವವನೂ ಅಲ್ಲ. ಆದರೂ ನಮ್ಮ ಹಾಲ್‌ನ ಗಾಜಿನ ಬೀರುವಿನಲ್ಲಿ ಕಾಡು ಟರ್ಕಿ ಕೋಳಿಯನ್ನು ಕರೆಯುವ ಸಾಧನಗಳು ನಲವತ್ತಕ್ಕೂ ಜಾಸ್ತಿ ಇವೆ. ನವರಾತ್ರಿಗೆ ಗೊಂಬೆ ನೋಡಲು ಬಂದವರು ಬೀರುವನ್ನೂ ನೋಡಿ, "ಇವೇನು, ಹಳೇ ಕಾಲದ ಪೆನ್ಸಿಲ್ ಡಬ್ಬಿಗಳಾ?" ಅಂತ ಕೇಳುತ್ತಾರೆ. ಒಂದನ್ನು ತೆಗೆದು ಮುಚ್ಚಳ ಎಳೆದರೆ ಸಾಕು, ಒಳಗೆ ಆಡುತ್ತಿರುವ ಮಕ್ಕಳೆಲ್ಲ ಓಡಿ ಬರುತ್ತಾರೆ.

ಅಮೆರಿಕದ ಅಲಬಾಮಾದ ಹಂಟ್ಸ್‌ವಿಲ್‌ಗೆ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಇಲ್ಲಿ ವಸಂತ ಬಂದರೆ ಆಫೀಸಿನ ಅರ್ಧ ಜನ ನಸುಕಿನಲ್ಲೇ ಕಾಡಿನಲ್ಲಿರುತ್ತಾರೆ. ಗಂಡು ಟರ್ಕಿ ಗುಡುಗಿದ ಹಾಗೆ ಕೂಗುತ್ತದೆ, ಹೆಣ್ಣು ಆ ದನಿ ಹುಡುಕಿಕೊಂಡು ಹೋಗುತ್ತದೆ. ಅದು ಕಾಡಿನ ರೂಢಿ. ಬೇಟೆಗಾರ ಇದನ್ನು ತಲೆಕೆಳಗು ಮಾಡುತ್ತಾನೆ. ತಾನು ಹೆಣ್ಣಿನ ದನಿ ತೆಗೆದು, ಗಂಡೇ ನಡೆದುಕೊಂಡು ಬರುವ ಹಾಗೆ ಮಾಡಬೇಕು. ಅದಕ್ಕೇ ಇವರಿಗೆ ಒಳ್ಳೆಯ ಸಾಧನದ ಹುಚ್ಚು.

ನನಗೆ ಹುಚ್ಚು ಹಿಡಿದದ್ದು ಊಟದ ವಿರಾಮದಲ್ಲಿ. ಸಹೋದ್ಯೋಗಿಯೊಬ್ಬರು ತಮ್ಮ ತಾತನ ಬಾಕ್ಸ್ ಕಾಲ್ ತಂದಿದ್ದರು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಮರದ ಪೆಟ್ಟಿಗೆ, ಮೇಲೆ ಹಿಡಿಕೆ ಇರುವ ಮುಚ್ಚಳ. ಅವರು ಜೇಬಿನಿಂದ ಚಾಕ್ ತೆಗೆದು ಮುಚ್ಚಳದ ಅಡಿಗೆ ಉಜ್ಜಿದರು. ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಆರು ವರ್ಷ ಪಿಟೀಲು ಕಲಿತವನು. ಕಮಾನಿಗೆ ರಾಳ ಉಜ್ಜುವುದು ಕಣ್ಣಮುಂದೆ ಬಂತು. ಕೆಲಸವೂ ಅದೇ. ಮುಚ್ಚಳ ಪೆಟ್ಟಿಗೆಯ ತೆಳು ಅಂಚನ್ನು ಒಂದು ಕ್ಷಣ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಮರ ಮಾತಾಡುತ್ತದೆ. ಪಿಟೀಲಿನ ತಂತಿ ಮಾಡುವುದೂ ಇದನ್ನೇ ಅಲ್ವಾ?

ಶುರುವಿನಲ್ಲಿ ಸಿಕ್ಕಿದ್ದನ್ನೆಲ್ಲ ಕೊಂಡೆ. ಬಾಕ್ಸ್ ಕಾಲ್ ಒಂದು ಬಗೆ. ಇನ್ನೊಂದು ಪಾಟ್ ಕಾಲ್: ಅಂಗೈಯಲ್ಲಿ ಕೂರುವ ಮರದ ಬಟ್ಟಲು, ಅದರ ಬಾಯಿಗೆ ಸ್ಲೇಟು ಕಲ್ಲಿನ ಬಿಲ್ಲೆ, ಗೀರಲು ಒಂದು ಕಡ್ಡಿ. ನಾವು ಒಂದನೇ ಕ್ಲಾಸಿನಲ್ಲಿ ಬರೆದ ಅದೇ ಸ್ಲೇಟು. ಬಳಪ ಕಿರುಗುಟ್ಟಿಸಿದರೆ ಮೇಷ್ಟ್ರು ಬೈಯುತ್ತಿದ್ದರು, ಇಲ್ಲಿ ಅದಕ್ಕೇ ಬಹುಮಾನ ಕೊಡುತ್ತಾರೆ. ಮೂರನೆಯದು ವಿಂಗ್‌ಬೋನ್, ಟರ್ಕಿಯ ರೆಕ್ಕೆಯ ಮೂರು ಎಲುಬುಗಳನ್ನು ಒಂದರೊಳಗೊಂದು ಕೂರಿಸಿ ಅಂಟಿಸಿದ್ದು. ಅದನ್ನು ಊದಬಾರದು. ತುಟಿಗಿಟ್ಟು ಚುಕ್ ಅಂತ ಗಾಳಿ ಒಳಗೆಳೆಯಬೇಕು. ಅಮ್ಮ ಊರಿನಿಂದ ಬಂದಾಗ "ಎಲುಬು ಮನೆಯೊಳಗೆ ಬೇಡ" ಅಂದರು. ನನ್ನ ಹತ್ತಿರ ಇರುವ ಎರಡು ವಿಂಗ್‌ಬೋನ್‌ಗಳು ಅಂದಿನಿಂದ ಗ್ಯಾರೇಜ್‌ನಲ್ಲಿವೆ.

ಈಗ ಎಣ್ಣೆ ಕಥೆ.

ಎರಡನೇ ವರ್ಷ, ಒಂದು ಹಳೇ ಮನೆಯ ಸಾಮಾನು ಮಾರಾಟದಲ್ಲಿ 30 ಡಾಲರ್‌ಗೆ ಒಂದು ಬಾಕ್ಸ್ ಸಿಕ್ಕಿತು. ಸೀಡರ್ ಮರದ ಪಕ್ಕಗಳು, ವಾಲ್‌ನಟ್ ಮುಚ್ಚಳ. ಅಡಿಯಲ್ಲಿ ಪೆನ್ಸಿಲ್‌ನಲ್ಲಿ ಎರಡು ಅಕ್ಷರ ಮತ್ತು 1961. ಕಾರಿನಲ್ಲೇ ಕೂತು ಎಳೆದು ನೋಡಿದೆ. ಹೆಣ್ಣು ಟರ್ಕಿಯ ಕೂಗಿಗೆ ಯೆಲ್ಪ್ ಅನ್ನುತ್ತಾರೆ. ಅದು ಎತ್ತರದಲ್ಲಿ ಶುರುವಾಗಿ, ನಡುವೆ ಮುರಿದು, ಒರಟಾಗಿ ಕೆಳಗೆ ಬೀಳುತ್ತದೆ. ಕೀ-ಯಾಕ್, ಕೀ-ಯಾಕ್. ಆ ಮುರಿಯುವ ಜಾಗದಲ್ಲೇ ಒಳ್ಳೆಯ ಬಾಕ್ಸ್ ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ಈ ಬಾಕ್ಸಿನಲ್ಲಿ ಅದು ಎಷ್ಟು ಸಲೀಸಾಗಿ ಮುರಿಯಿತು ಅಂದರೆ, ಮೈ ಜುಮ್ಮೆಂದಿತು.

ಮನೆಗೆ ತಂದೆ. ಬೆಳಕಿನಲ್ಲಿ ನೋಡಿದರೆ ಮರ ಬಿಳಿಚಿಕೊಂಡಿತ್ತು, ಒಣಗಿದ ಹಾಗೆ ಕಾಣಿಸಿತು. ನಮ್ಮ ಮನೆಯಲ್ಲಿ ಒಣಗಿದ್ದಕ್ಕೆಲ್ಲ ಔಷಧ ಒಂದೇ. ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ, ಒಳಗೆ ಹೊರಗೆ, ಅಂಚು, ಮುಚ್ಚಳದ ಅಡಿ, ಒಂದನ್ನೂ ಬಿಡದೆ ತಿಕ್ಕಿದೆ. ಆಹಾ, ಎಂಥ ಹೊಳಪು! ರಾತ್ರಿಯೆಲ್ಲ ಹಾಗೇ ಬಿಟ್ಟೆ. ಬೆಳಿಗ್ಗೆ ಚಾಕ್ ಉಜ್ಜಿ ಎಳೆದರೆ ಮುಚ್ಚಳ ಬೆಣ್ಣೆಯ ಮೇಲೆ ಹೋದ ಹಾಗೆ ಸರಕ್ಕನೆ ಹೋಯಿತು. ಸದ್ದೇ ಇಲ್ಲ. ಇನ್ನಷ್ಟು ಚಾಕ್ ಹಾಕಿದೆ, ಎಣ್ಣೆ ಜೊತೆ ಸೇರಿ ಮೆತ್ತಿಕೊಂಡಿತು. ಪೆನ್ಸಿಲ್ ಅಕ್ಷರ ಕೂಡ ಅರ್ಧ ಅಳಿಸಿತ್ತು. ಐವತ್ತು ವರ್ಷ ಮಾತಾಡಿದ ಪೆಟ್ಟಿಗೆಯ ಬಾಯಿಯನ್ನು ಒಂದು ರಾತ್ರಿಯಲ್ಲಿ ಮುಚ್ಚಿಬಿಟ್ಟಿದ್ದೆ.

ಟೆನೆಸಿ ಗಡಿ ಹತ್ತಿರ ಬಾಕ್ಸ್ ಕಾಲ್ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಶೆಡ್ಡಿಗೆ ಒಯ್ದೆ. ಮೂಸಿ ನೋಡಿ "ಇದೇನು, ಮಿಠಾಯಿ ವಾಸನೆ?" ಅಂದರು. ಹೇಳಿದೆ. ಅವರು ನಗಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಅಂಚನ್ನು ಹೊಸದಾಗಿ ಕೆರೆಯಬಹುದು, ಆದರೆ ಆಗ ದನಿ ನನ್ನದಾಗುತ್ತದೆ, ಮೊದಲು ಮಾಡಿದವನದಲ್ಲ ಅಂದರು. ಕೆರೆಯಬೇಡಿ ಅಂದೆ.

ಅವತ್ತು ಅವರ ಶೆಡ್ಡಿನಲ್ಲಿ ನಾಲ್ಕು ಗಂಟೆ ಕೂತೆ. ಮುಚ್ಚಳದ ಅಡಿ ನೋಡಲು ಚಪ್ಪಟೆ, ಆದರೆ ಬೆರಳಾಡಿಸಿದರೆ ಸಣ್ಣ ಉಬ್ಬು ಸಿಗುತ್ತದೆ. ಪಕ್ಕದ ಹಲಗೆಗಳು ಮೇಲೆ ಹೋಗುತ್ತಾ ತೆಳುವಾಗುತ್ತವೆ. ಅವರು ಸ್ವಲ್ಪ ಕೆರೆಯುವುದು, ಎಳೆದು ಕೇಳುವುದು, ಮತ್ತೆ ಕೆರೆಯುವುದು. ಒಂದು ಪಕ್ಕಕ್ಕೆ ಎಳೆಯ ಹೆಣ್ಣಿನ ದನಿ, ಇನ್ನೊಂದಕ್ಕೆ ಮುದಿ ಹೆಣ್ಣಿನ ದನಿ. ಒಂದು ಸಲ ಜಾಸ್ತಿ ಕೆರೆದರೆ ಅಷ್ಟೂ ಕೆಲಸ ಒಲೆಗೆ. ಒಲೆ ಪಕ್ಕದ ಬುಟ್ಟಿಯಲ್ಲಿ ಅಂಥವು ಒಂದು ಡಜನ್ ಇದ್ದವು.

ಆಮೇಲೆ ನಾನು ಕೊಳ್ಳುವ ರೀತಿ ಬದಲಾಯಿತು. ಮೊದಲು ಮಾರುವವರಿಗೆ ಬೆನ್ನು ತಿರುಗಿಸಿ ನಿಂತು, "ನೀವೇ ಎಳೆಯಿರಿ" ಅನ್ನುತ್ತೇನೆ. ದನಿ ಹಿಡಿಸಿದರೆ ಮಾತ್ರ ತಿರುಗಿ ನೋಡುವುದು. ಕೆತ್ತನೆ, ಮೆರುಗು, ಬಣ್ಣದ ಚಿತ್ರ ಎಲ್ಲ ಆಮೇಲೆ. ನಂತರ ತಿರುಗಿಸಿ ಅಡಿ ನೋಡುತ್ತೇನೆ: ಹೆಸರು, ತಾರೀಖು, ನಂಬರು, ಯಾವ ಮರ. ಸ್ಕ್ರೂ ಹಳೆಯದೇ? ಅಂಚನ್ನು ಯಾರಾದರೂ ಮರಳು ಕಾಗದದಲ್ಲಿ ಉಜ್ಜಿದ್ದಾರಾ? ಹಿಡಿಕೆಯಲ್ಲಿ ಹೆಬ್ಬೆರಳಿನ ಜಾಗ ಸವೆದಿದ್ದರೆ ನನಗೆ ಖುಷಿ. ಕೆಲವರಿಗೆ ಬಳಸದೇ ಇಟ್ಟದ್ದೇ ಬೇಕು. ಅದು ಅವರಿಷ್ಟ.

ಇತಿಹಾಸವೂ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಆರ್ಕನ್ಸಾದ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ 1897ರಲ್ಲಿ ಬಾಕ್ಸ್ ಕಾಲ್‌ಗೆ ಪೇಟೆಂಟ್ ಪಡೆದರು. ಗಿಬ್ಸನ್ ಬಾಕ್ಸ್ ಕೈಗೆ ಬಂದರೆ ಸಂಗ್ರಹಕಾರರು ಉಸಿರು ಬಿಗಿ ಹಿಡಿಯುತ್ತಾರೆ. ನಾನು ಗಾಜಿನ ಆಚೆಯಿಂದ ನೋಡಿದ್ದೇನೆ, ಅಷ್ಟೇ. ಲಿಂಚ್ ಕಂಪನಿಯ ಬಾಕ್ಸ್‌ಗಳು ನಮ್ಮಂಥವರಿಗೆ ಕೈಗೆಟುಕುತ್ತವೆ. ಅವರ ಅಂಗಡಿ ಮೊದಲು ಇಲ್ಲೇ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಕಡೆ ಇತ್ತು, ಆಮೇಲೆ ಮಿಸಿಸಿಪ್ಪಿಯ ಲಿಬರ್ಟಿಗೆ ಹೋಯಿತು. ಹಾಗಾಗಿ ಲೇಬಲ್‌ನಲ್ಲಿ ಯಾವ ಊರಿದೆ ಅಂತ ನೋಡಿದರೆ ವಯಸ್ಸು ಅಂದಾಜಾಗುತ್ತದೆ. ಇನ್ನು ಸೌತ್ ಕ್ಯಾರೊಲಿನಾದ ನೀಲ್ ಕಾಸ್ಟ್. ದೋಣಿಯ ಹುಟ್ಟಿನಂಥ ಉದ್ದ ಹಿಡಿಕೆಯ 'ಬೋಟ್ ಪ್ಯಾಡಲ್' ಅಂದರೆ ಅವರ ಹೆಸರೇ ಮೊದಲು. 2002ರಲ್ಲಿ ತೀರಿಕೊಂಡರು. ಅವರ ಬಾಕ್ಸ್‌ಗಳು ಈಗ ಸಾವಿರಾರು ಡಾಲರ್. ಬೆಲೆ ಇದ್ದಲ್ಲಿ ನಕಲಿಯೂ ಇರುತ್ತದೆ. ನನಗೂ ಒಬ್ಬರು ಬೋಟ್ ಪ್ಯಾಡಲ್ ಒಂದನ್ನು 'ಅವರದೇ' ಅಂತ ದಾಟಿಸಲು ನೋಡಿದ್ದರು. ಸಹಿ ಚೆನ್ನಾಗಿತ್ತು. ಬೆನ್ನು ತಿರುಗಿಸಿ ಕೇಳಿದೆ, ಡಬ್ಬ ಬಡಿದ ಹಾಗಿತ್ತು. ನಾನು ಪರಿಣತ ಅಲ್ಲ. ದನಿ ಹಿಡಿಸಲಿಲ್ಲ, ಬಿಟ್ಟೆ.

ಫೆಬ್ರುವರಿಯಲ್ಲಿ ನ್ಯಾಶ್‌ವಿಲ್‌ಗೆ ಹೋಗುತ್ತೇನೆ, ಕಾರಿನಲ್ಲಿ ಎರಡು ಗಂಟೆ. ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಶನ್‌ನ ಸಮಾವೇಶದಲ್ಲಿ ಕಾಲ್ ತಯಾರಿಸುವವರ ಸ್ಪರ್ಧೆ ಇರುತ್ತದೆ. ಬೇಟೆಗೆ ಬಳಸುವವು ಒಂದು ಕಡೆ, ಅಲಂಕಾರದವು ಇನ್ನೊಂದು ಕಡೆ. ಜನಜಂಗುಳಿ ಅಲಂಕಾರದ ಮೇಜಿನ ಮುಂದೆ. ನಾನು ಇನ್ನೊಂದು ಕಡೆ ಇರುತ್ತೇನೆ. ಎಲ್ಲರೂ ಒಟ್ಟಿಗೆ ಎಳೆಯುವಾಗ ಆ ಹಾಲ್‌ನ ಗದ್ದಲ ಕೇಳಬೇಕು, ಸಂತೆಯ ದಿನದ ಕೋಳಿ ಬುಟ್ಟಿಗಳೇ ಎದ್ದು ಬಂದ ಹಾಗೆ.

ಇಟ್ಟುಕೊಳ್ಳುವುದರಲ್ಲಿ ದೊಡ್ಡ ಗುಟ್ಟೇನಿಲ್ಲ. ಎಣ್ಣೆ ಬೇಡ, ಪಾಲಿಶ್ ಬೇಡ, ಒದ್ದೆ ಬಟ್ಟೆಯೂ ಬೇಡ. ಹಳೇ ಚಾಕ್ ಒರೆಸಬೇಡಿ. ಹೊಸ ಚಾಕ್‌ನಲ್ಲಿ ಜಿಡ್ಡು ಇರಬಾರದು. ಮುಚ್ಚಳ ಅಲ್ಲಾಡದಿರಲು ಬೇಟೆಗಾರರು ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಬೀರುವಿನಲ್ಲಿ ಅದನ್ನು ಬಿಡಬೇಡಿ, ವರ್ಷ ಕಳೆದರೆ ಕರಗಿ ಮರಕ್ಕೆ ಕಲೆ ಮಾಡುತ್ತದೆ. ನಾನು ಹತ್ತಿ ದಾರ ಕಟ್ಟುತ್ತೇನೆ. ಮಳೆ ದಿನ ಮರ ತೇವ ಕುಡಿದು ದನಿ ಮಂಕಾಗುತ್ತದೆ. ಅದಕ್ಕೆ ಹೆದರಬೇಕಿಲ್ಲ, ಎರಡು ದಿನ ಬಿಟ್ಟರೆ ಸರಿಹೋಗುತ್ತದೆ.

ಹೋದ ವರ್ಷ ಸಾಗರದ ಹತ್ತಿರ ಅಜ್ಜನ ಮನೆ ಕೆಡವಿದರು. ಅಟ್ಟದ ಹಲಸಿನ ಹಲಗೆಯ ಒಂದು ತುಂಡನ್ನು ಸೂಟ್‌ಕೇಸಿನಲ್ಲಿ ತಂದು ಶೆಡ್ಡಿನ ಹಿರಿಯರಿಗೆ ಕೊಟ್ಟೆ. ನಮ್ಮಲ್ಲಿ ವೀಣೆ ಮಾಡುವ ಮರ ಅಂದೆ. ಕಿವಿಗಿಟ್ಟು ಗೆಣ್ಣಿನಿಂದ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ದನಿ ಇದೆ, ಆದರೆ ನಿಮ್ಮೂರಿನ ಮಳೆ ಇನ್ನೂ ಇದರೊಳಗಿದೆ ಅಂದರು. ಪೆನ್ಸಿಲ್ ತೆಗೆದು ಹಲಗೆಯ ಮೂಲೆಯಲ್ಲಿ ಅವತ್ತಿನ ತಾರೀಖು ಬರೆದು, ತೂಕ ನೋಡಿ ಅದನ್ನೂ ಕೆಳಗೆ ಬರೆದು, ಮೇಲಿನ ಅಟ್ಟಣಿಗೆಯಲ್ಲಿ ಚೆರ್ರಿ ಹಲಗೆಗಳ ಪಕ್ಕ ಇಟ್ಟರು. ತಿಂಗಳಿಗೊಮ್ಮೆ ತೂಗುತ್ತಾರಂತೆ. ಇನ್ನೂ ಇಳಿಯುತ್ತಾ ಇದೆ.