ಐದು ವರ್ಷದ ಗುಂಪಿನಿಂದ ಒಂದೊಂದು ವಯಸ್ಸಿನ ಮರಣ ದರ ತೆಗೆಯುವುದು ಹೇಗೆ?

ಜನಸಂಖ್ಯೆ ಮತ್ತು ಸಾವಿನ ಅಂಕಿಅಂಶಗಳು ಹೆಚ್ಚಾಗಿ 60–64, 65–69 ಎಂದು ಐದೈದು ವರ್ಷದ ಗುಂಪುಗಳಲ್ಲೇ ಸಿಗುತ್ತವೆ. ಪಿಂಚಣಿ, ವಿಮೆಯ ಲೆಕ್ಕಕ್ಕೆ ಬೇಕಿರುವುದು 61ಕ್ಕೆ ಎಷ್ಟು, 64ಕ್ಕೆ ಎಷ್ಟು ಎಂಬ ಬಿಡಿ ದರ. ಗುಂಪಿನ ದರವನ್ನೇ ಐದೂ ವಯಸ್ಸಿಗೆ ಹಚ್ಚಿದರೆ, 65 ತುಂಬಿದ ದಿನವೇ ಸಾವಿನ ಅಪಾಯ ಏಕಾಏಕಿ ಜಿಗಿದಂತೆ ಕಾಣುತ್ತದೆ. ಅದು ತಪ್ಪು ಚಿತ್ರ.

ಮೊದಲು ಪ್ರತಿ ಗುಂಪಿನ ವರ್ಷದ ಸಾವುಗಳನ್ನು ವರ್ಷದ ನಡುವಿನ ಜನಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ, 60–64ರಲ್ಲಿ 50,000 ಜನ, 800 ಸಾವು ಎಂದುಕೊಳ್ಳಿ: ದರ 0.016. 65–69ರಲ್ಲಿ 40,000 ಜನ, 1,000 ಸಾವು: ದರ 0.025.

ಇನ್ನು ಏರಿಕೆಯ ವೇಗ. ವಯಸ್ಕರಲ್ಲಿ ವಯಸ್ಸು ಏರಿದಂತೆ ಮರಣ ದರ ಗುಣಾಕಾರದಲ್ಲಿ ಬೆಳೆಯುತ್ತದೆ ಎಂದು ಬ್ರಿಟಿಷ್ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಸ್ 1825ರಲ್ಲೇ ತೋರಿಸಿದ್ದರು. ಹಾಗಾಗಿ ಕೂಡುವ ಬದಲು ಗುಣಿಸಬೇಕು. ಎರಡು ಗುಂಪುಗಳ ನಡುವಿನ ಅಂತರ ಐದು ವರ್ಷ; ಆದ್ದರಿಂದ 0.025 ಅನ್ನು 0.016ರಿಂದ ಭಾಗಿಸಿ ಐದನೇ ಮೂಲ (ಐದು ಸಲ ಬರೆದು ಗುಣಿಸಿದರೆ ಆ ಭಾಗಲಬ್ಧ ಕೊಡುವ ಸಂಖ್ಯೆ) ತೆಗೆದರೆ 1.0934, ಅಂದರೆ ವರ್ಷಕ್ಕೆ ಸುಮಾರು ಶೇ 9.3 ಏರಿಕೆ. 0.016 ಅನ್ನು ನಡುವಿನ 62ಕ್ಕೆ ಇಟ್ಟು ಕೆಳಗೆ ಭಾಗಿಸುತ್ತಾ, ಮೇಲೆ ಗುಣಿಸುತ್ತಾ ಹೋದರೆ 60ಕ್ಕೆ 0.01338, 64ಕ್ಕೆ 0.01913 ಬರುತ್ತದೆ.

ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಸರಳತೆಗೆ ಪ್ರತಿ ವಯಸ್ಸಿನಲ್ಲೂ 10,000 ಜನ ಎಂದಿಟ್ಟು ಸಾವುಗಳನ್ನು ಕೂಡಿ ನೋಡಿ: ಸುಮಾರು 806. ನಿಜವಾಗಿ ಸತ್ತವರು 800. ಎಣಿಸಿದ ಸಾವುಗಳಿಗಿಂತ ನಮ್ಮ ಊಹೆ ದೊಡ್ಡದಾಗಕೂಡದು. ಐದೂ ದರಗಳನ್ನು 0.992ರಿಂದ ಗುಣಿಸಿದರೆ ಮೊತ್ತ 800ಕ್ಕೆ ಬಂದು ಕೂರುತ್ತದೆ.

ಎಲ್ಲ ವಯಸ್ಸನ್ನೂ ಒಟ್ಟಿಗೆ ಬಿಡಿಸಬೇಕಿದ್ದರೆ ಸ್ಪ್ಲೈನ್ (ಬಿಂದುಗಳ ಮೂಲಕ ಹಾಯುವ ನಯವಾದ ರೇಖೆ) ವಿಧಾನ ಮೇಲು. ಸಾವುಗಳನ್ನು ವಯಸ್ಸಿನ ಕ್ರಮದಲ್ಲಿ ಕೂಡುತ್ತಾ ಹೋಗಿ, ಆ ಸಂಚಿತ ಮೊತ್ತಗಳ ಮೂಲಕ ಎಲ್ಲೂ ಇಳಿಯದ ನಯವಾದ ವಕ್ರರೇಖೆ ಎಳೆಯಿರಿ. ಅಕ್ಕಪಕ್ಕದ ವಯಸ್ಸುಗಳ ವ್ಯತ್ಯಾಸವೇ ಬಿಡಿ ಸಾವು. ಜನಸಂಖ್ಯೆಗೂ ಹೀಗೇ ಮಾಡಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ರೇಖೆ ಗುಂಪಿನ ಗಡಿಗಳ ಮೂಲಕವೇ ಹಾಯುವುದರಿಂದ ಮೊತ್ತ ತಾನಾಗಿಯೇ ಸರಿಹೊಂದುತ್ತದೆ.

ಬಿಡಿ ವಯಸ್ಸಿನ ದತ್ತಾಂಶವೇ ಕೈಗೆ ಸಿಕ್ಕರೂ ಎಚ್ಚರ ಬೇಕು. ಖಚಿತ ವಯಸ್ಸು ಗೊತ್ತಿಲ್ಲದವರು 60, 65 ಎಂದು ದುಂಡಗೆ ಹೇಳುವುದರಿಂದ ಆ ವಯಸ್ಸುಗಳಲ್ಲಿ ಜನ ಗುಡ್ಡೆಬಿದ್ದಂತೆ ಕಾಣುತ್ತಾರೆ. ಅಂಥ ಕಡೆ ಗುಂಪು ಮಾಡಿ ಮತ್ತೆ ಬಿಡಿಸುವುದೇ ಒಳ್ಳೆಯದು.

ಮಕ್ಕಳಿಗೆ ಗೊಂಪರ್ಟ್ಸ್ ನಿಯಮ ಹೊಂದುವುದಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಹೆಚ್ಚಿರುವ ದರ ಬಳಿಕ ಕಡಿದಾಗಿ ಕುಸಿದು, ಹತ್ತರ ಆಸುಪಾಸಿನಲ್ಲಿ ಅತಿ ಕಡಿಮೆಯಾಗುತ್ತದೆ. ಆದ್ದರಿಂದ 0 ಮತ್ತು 1–4 ಅನ್ನು ಬೇರೆಬೇರೆಯಾಗಿಯೇ ಇಡಿ. ಕೊನೆಯ 85+ ಗುಂಪಿಗೆ ಮೇಲಿನ ಗಡಿಯೇ ಇಲ್ಲ. ಅಲ್ಲಿ 70ರಿಂದ 84ರವರೆಗಿನ ಏರಿಕೆಯನ್ನು ಮುಂದುವರಿಸಿ, 85+ರ ಒಟ್ಟು ಸಾವಿಗೆ ತಾಳೆ ನೋಡಿ.